ರೇಡಿಯೋ ಕೂತು ಕತ್ತರಿಸಿದ್ದು

ಆ ಕ್ಷೌರದಂಗಡಿಗೆ ಜನ ಬರುತ್ತಿದ್ದದ್ದು ಅರ್ಧ ಕ್ಷೌರಕ್ಕೆ, ಇನ್ನರ್ಧ ಅಲ್ಲಿನ ಕ್ಷೌರಿಕನ ಮಾತು ಕೇಳುವುದಕ್ಕೆ. ಕತ್ತರಿ ಕೈಗೆ ಬಂದರೆ ಸಾಕು, ಬಾಯಿಯೂ ಶುರು. ಯಾರ ಮನೆ ಬೆಕ್ಕು ಯಾರ ಹಾಲು ಕುಡಿಯಿತು ಎಂಬುದರಿಂದ ಹಿಡಿದು ದೇಶ ಆಳುವವರ ತಲೆಯಲ್ಲಿ ಎಷ್ಟು ಹೊಟ್ಟಿದೆ ಎಂಬುದರವರೆಗೆ. ಬೀದಿಯವರೆಲ್ಲ ಅವನನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಪಕ್ಕದ ಕುರ್ಚಿ ಅವನ ತಮ್ಮನದು. ಕೈ ಚುರುಕು, ಮನಸ್ಸು ಸಣ್ಣದು.

ಕೊರೊನಾ ಬಂದು ಹೋಯಿತು ಅಂದರು. ಬಂದದ್ದು ನಿಜ, ಹೋದದ್ದು ಸುಳ್ಳು. ಜ್ವರ ಬಿಟ್ಟು ತಿಂಗಳುಗಳಾದರೂ ರೇಡಿಯೋಗೆ ಕೈ ಎತ್ತಿದರೆ ಏದುಸಿರು, ಒಂದು ತಲೆ ಮುಗಿಸುವಷ್ಟರಲ್ಲಿ ಮೊಣಕಾಲು ನಡುಕ. ಹೇಳುತ್ತಿದ್ದ ಕಥೆ ಅರ್ಧಕ್ಕೇ ಮರೆತುಹೋಗುತ್ತಿತ್ತು. ಒಮ್ಮೆ ಗಿರಾಕಿಯೊಬ್ಬನ ಬಲಗಡೆಯನ್ನೇ ಎರಡು ಸಲ ಕತ್ತರಿಸಿ ಎಡಗಡೆ ಹಾಗೇ ಬಿಟ್ಟುಬಿಟ್ಟ.

ದೊಡ್ಡಾಸ್ಪತ್ರೆಯ ಡಾಕ್ಟರು ಅಂಗಡಿಯ ಹಳೇ ಗಿರಾಕಿಯೇ. ಎಕ್ಸ್‌ರೇ ನೋಡಿದರು, ರಕ್ತದ ರಿಪೋರ್ಟ್ ನೋಡಿದರು, ಮುಂದೆ ಕೂತಿದ್ದ ಮನುಷ್ಯನನ್ನು ಮಾತ್ರ ನೋಡಲಿಲ್ಲ. "ಎಲ್ಲಾ ನಾರ್ಮಲ್. ಮನಸ್ಸು ಗಟ್ಟಿ ಮಾಡ್ಕೊ" ಎಂದು ಬಾಗಿಲ ಕಡೆ ಕೈ ತೋರಿಸಿದರು. ಮನಸ್ಸು ಗಟ್ಟಿಯಿಲ್ಲದವನು ನಡುಗುವ ಕಾಲಿನಲ್ಲಿ ದಿನವಿಡೀ ನಿಲ್ಲುತ್ತಿದ್ದನೇ?

ಆ ನಾರ್ಮಲ್ ಎಂಬ ಮಾತು ತಮ್ಮನಿಗೆ ಬೇಕಾಗಿತ್ತು. ಬಂದವರೆದುರೇ, "ಅಣ್ಣಂಗೆ ಮೈಗಳ್ಳತನ ಅಷ್ಟೇ. ಮುಂದಿನ ತಿಂಗಳಿಂದ ಆ ಕುರ್ಚಿಗೆ ಬೇರೆ ಕೆಲಸಗಾರನ್ನ ಹಾಕ್ತೀನಿ" ಅಂದ. ಅಪ್ಪ ರೇಡಿಯೋನ ಕೈಗೆ ಮೊದಲ ಸಲ ಕತ್ತರಿ ಕೊಟ್ಟದ್ದು ಅದೇ ಕುರ್ಚಿಯ ಹಿಂದೆ. ಜಗಳವಾಡೋಣ ಎಂದರೆ ಅದಕ್ಕೂ ಉಸಿರಿಲ್ಲ.

ಹೆಂಡತಿ ಅವನನ್ನು ಬಲವಂತವಾಗಿ ಫಿಸಿಯೋಥೆರಪಿ ಕಾಲೇಜಿಗೆ ಕರೆದುಕೊಂಡು ಹೋದಳು. ಅಲ್ಲಿ ಕೊನೇ ವರ್ಷದ ವಿದ್ಯಾರ್ಥಿಗಳು, ಮೇಡಂ ಒಬ್ಬರ ಕಣ್ಗಾವಲಿನಲ್ಲಿ, ಕೊರೊನಾದಿಂದ ಇನ್ನೂ ಸುಧಾರಿಸಿಕೊಳ್ಳದವರಿಗಾಗಿ ವಾರಕ್ಕೊಮ್ಮೆ ಕ್ಲಿನಿಕ್ ನಡೆಸುತ್ತಿದ್ದರು. "ಮೀಸೆ ಚಿಗುರದ ಹುಡುಗ್ರು ಏನ್ ಮಾಡ್ತಾರೆ" ಎಂದು ಅವನು ಗೊಣಗಿದ.

ಎದುರಿಗೆ ಕೂತ ವಿದ್ಯಾರ್ಥಿನಿ ಪೂರ್ತಿ ಕೇಳಿಸಿಕೊಂಡು ಹೇಳಿದಳು: "ಅಂಕಲ್, ಇದು ಲಾಂಗ್ ಕೋವಿಡ್, ಅಂದ್ರೆ ಜ್ವರ ಬಿಟ್ರೂ ಮೈ ಬಿಡದ ಕೊರೊನಾ. ನೀವು ಹೇಳೋದೆಲ್ಲ ನಿಜ. ವಾಸಿ ಮಾಡೋ ಮಾತ್ರೆ ನಮ್ಮ ಹತ್ರ ಇಲ್ಲ. ಇರೋ ಶಕ್ತಿನ ಹೇಗೆ ಹಂಚ್ಕೊಳ್ಳೋದು ಅಂತ ನೋಡೋಣ."

ನಿಜ ಅಂದಳಲ್ಲ, ಅಷ್ಟಕ್ಕೇ ಅವನ ಕಣ್ಣು ತುಂಬಿತು.

ಆಮೇಲೆ ಅವಳು ಗೆಳೆಯನೊಬ್ಬನನ್ನು ಕೂರಿಸಿ, ಅಂಗಡಿಯಲ್ಲಿ ಮಾಡುವಂತೆಯೇ ಮಾಡಿ ತೋರಿಸಲು ಹೇಳಿದಳು. ರೇಡಿಯೋ ಬಾಚಣಿಗೆ ಎತ್ತಿದ, ಬಾಯಿಯೂ ಬಿಟ್ಟ. ಬೆಕ್ಕಿನ ಕಥೆ ಹಾಲಿಗೆ ಬರುವ ಮೊದಲೇ ಉಸಿರು ಸಿಕ್ಕಿಕೊಂಡಿತು.

"ಅಂಕಲ್, ಇರೋ ಒಂದೇ ಉಸಿರನ್ನ ಎತ್ತಿದ ಕೈಯೂ ಕೇಳ್ತಿದೆ, ಬಾಯೂ ಕೇಳ್ತಿದೆ, ಕಾಲೂ ಕೇಳ್ತಿದೆ. ಕೂತು ಕತ್ತರಿಸಿ. ಮಾತಾಡೋದಾದ್ರೆ ಕತ್ತರಿ ಕೆಳಗಿಡಿ. ಬಗ್ಗಿ ಗುಡಿಸೋದು ಬೇರೆಯವರಿಗೆ ಬಿಡಿ. ಸುಸ್ತಾಗೋಕೆ ಮುಂಚೆನೇ ನಿಲ್ಲಿಸಿ."

"ಗಿರಾಕಿ ಹಿಂದೆ ಕೂತ್ಕೊಂಡು, ಮಾತೂ ಆಡದೆ ಇದ್ರೆ ಮರ್ಯಾದೆನಾ ಮಗಳೇ?"

"ಅವರ ಮೇಲೆ ಬಿದ್ರೆ ಮರ್ಯಾದೆನಾ?"

ಅಂಗಡಿಗೆ ಚಕ್ರದ ಸ್ಟೂಲು ಬಂತು. "ಮಹಾರಾಜರು ಸಿಂಹಾಸನ ತಂದ್ರು" ಎಂದು ತಮ್ಮ ನಕ್ಕ. ರೇಡಿಯೋ ತುಟಿ ಬಿಚ್ಚದೆ ಕತ್ತರಿಸಿದ. ಅವತ್ತು ತಲೆಯ ಎರಡೂ ಕಡೆ ಸಮವಾಗಿ ಬಂತು.

ಒಂದು ಭಾನುವಾರ ಅದೇ ಡಾಕ್ಟರು ಬಂದು ಅವನ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕನ್ನಡಿಯಲ್ಲಿ ಇಣುಕಿ, "ಏನಪ್ಪಾ, ರೇಡಿಯೋ ಬಂದ್ ಆಗಿದೆ? ಹುಷಾರಿಲ್ವಾ?" ಎಂದು ಕೇಳಿದರು. ಆಸ್ಪತ್ರೆಯಲ್ಲಿ ಕಾಣದ ಕಾಯಿಲೆ ಡಾಕ್ಟರಿಗೆ ಮನರಂಜನೆ ತಪ್ಪಿದಾಗ ಕಂಡಿತು ನೋಡಿ.

"ಅವನಿಗೇನೂ ಇಲ್ಲ ಸಾರ್, ನೀವೇ ನಾರ್ಮಲ್ ಅಂದಿದ್ರಲ್ಲ" ಎಂದು ತಮ್ಮ ಹಲ್ಲು ಕಿರಿದ.

ರೇಡಿಯೋ ಕತ್ತರಿ ಕೆಳಗಿಟ್ಟ. ಉಸಿರು ಎಳೆದುಕೊಂಡ. "ಸಾರ್, ನಾನು ಸುಮ್ನಿರೋದು ನಿಮಗೆ ಇಷ್ಟು ಬೇಗ ಗೊತ್ತಾಯ್ತು. ಅವತ್ತು ನಿಮ್ಮ ರೂಮಲ್ಲಿ ಉಸಿರು ಕಟ್ಕೊಂಡು ಅಷ್ಟು ಮಾತಾಡಿದೆ, ಒಂದೂ ಕೇಳಿಸಲಿಲ್ಲ."

ಡಾಕ್ಟರು ಕಣ್ಣು ತಗ್ಗಿಸಿದರು. "ನಾಳೆ ಆಸ್ಪತ್ರೆಗೆ ಬಾ, ಇನ್ನೊಂದ್ಸಲ ನೋಡ್ತೀನಿ."

"ನಾಳೆ ಫಿಸಿಯೋಥೆರಪಿ ಕಾಲೇಜಿನ ಹುಡುಗ್ರ ಕ್ಲಿನಿಕ್ ಇದೆ ಸಾರ್. ನೀವೇ ಅಲ್ಲಿಗೆ ಬನ್ನಿ. ಹೇಗೆ ಕೇಳಿಸ್ಕೊಳ್ತಾರೆ ಅಂತ ನೋಡಿ."

ಉಳಿದ ಕೂದಲನ್ನು ಮಾತಿಲ್ಲದೆ ಮುಗಿಸಿದ. ಆಮೇಲೆ ಕತ್ತರಿ ಕೆಳಗಿಟ್ಟು, ಸ್ಟೂಲಿನಲ್ಲೇ ತಮ್ಮನ ಕಡೆ ತಿರುಗಿದ. "ಈ ಕುರ್ಚಿ ನಂದು. ಕೆಳಗಿನ ಕೂದಲು ನೀನು ಗುಡಿಸು."

ತಮ್ಮ ಡಾಕ್ಟರ ಮುಖ ನೋಡಿದ. ಅವರು ನೆಲದ ಕೂದಲಿನಿಂದ ಕಾಲೆತ್ತಿ ಪೊರಕೆಗೆ ಜಾಗ ಬಿಟ್ಟರು. ತಮ್ಮ ಹೋಗಿ ಪೊರಕೆ ತಂದ.