ಮಹಡಿಯ ಮೇಷ್ಟ್ರ ಪುಸ್ತಕ

ಮಾತು ಕೇಳುವಾಗ ಅವರು ಎಡಗಿವಿಯ ಅಂಚನ್ನು ಬೆರಳಲ್ಲಿ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಅದು ಸದಾ ಕೆಂಪಗಿರುತ್ತಿತ್ತು. ಕಾಶಿಯ ಕೇದಾರ ಘಾಟಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಕಲಿಸುತ್ತಿದ್ದರು. ಒಂಟಿ ಜೀವ. ದಕ್ಷಿಣದ ಯಾತ್ರಿಕರಿಗೆ ಪೂಜೆ, ಶ್ರಾದ್ಧ ಮಾಡಿಸುತ್ತಿದ್ದ ನನ್ನಪ್ಪನಿಗೆ ಅವರ ವಿದ್ಯೆಯ ಮೇಲೆ ಗೌರವ, ಬರವಣಿಗೆಯ ಬಗ್ಗೆ ಭಯ.

ಒಮ್ಮೆ ಮೂರು ವರ್ಷದ ನನ್ನ ತಂಗಿ ಲೋಟ ಉರುಳಿಸಿ, "ಅಮ್ಮಾ, ಹಾಲು ಗಿರಾಯಿಸಿದೆ" ಎಂದಳು. ಹಿಂದಿಯ ಮಾತಿಗೆ ಕನ್ನಡದ ಬಾಲ. "ಚೆಲ್ಲಿದೆ ಅನ್ನೇ" ಎಂದು ಅಮ್ಮ ಗದರಿದಳು. ಇಳಿದು ಬರುತ್ತಿದ್ದ ಮೇಷ್ಟ್ರು ಮೆಟ್ಟಿಲ ಮೇಲೇ ಕೂತುಬಿಟ್ಟರು.

"ಬೈಬೇಡಿ ತಾಯಿ. ಇದನ್ನ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ತಾನೇ ಕಟ್ಟಿದ್ದಾಳೆ. ಮನಸ್ಸು ಅಂದರೆ ಇದೇ ನೋಡಿ." ಆಮೇಲೆ ಕೈಲಿದ್ದ ಪತ್ರಿಕೆಯನ್ನು ನನ್ನತ್ತ ಚಾಚಿದರು. "ಇಲ್ಲಿ ನೋಡು, ಯುದ್ಧದಲ್ಲಿ ಊರಿಗೆ ಊರೇ ಸುಟ್ಟು ಅದಕ್ಕೆ ಶಾಂತಿ ಅಂತ ಹೆಸರಿಟ್ಟಿದ್ದಾರೆ. ಮಗು ಮಾತು ಕಟ್ಟುತ್ತೆ, ಸರ್ಕಾರಗಳು ಕೊಲ್ಲುತ್ತವೆ."

ಅವರು ಬರೆಯುತ್ತಿದ್ದ ಪುಸ್ತಕದ ವಿಷಯವೂ ಇದೇ. ದೊಡ್ಡ ದೇಶಗಳ ಯುದ್ಧಗಳ ಜೊತೆಗೆ ನಮ್ಮದೇ ವಿದೇಶಾಂಗ ನೀತಿಯನ್ನೂ ಅವರು ಬಿಟ್ಟಿರಲಿಲ್ಲ. ಕನ್ನಡದಲ್ಲೇ ಏಕೆ ಎಂದು ಕೇಳಿದ್ದಕ್ಕೆ, "ನಿಮ್ಮಮ್ಮನಿಗೆ ತಿಳಿಯೋ ಹಾಗೆ ಬರೆಯುವಾಗ ಸುಳ್ಳು ಹೇಳೋದು ಕಷ್ಟ" ಎಂದಿದ್ದರು. ಅವರ ಅಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ನಾನು ಎರಡು ವರ್ಷ ಕೂತು ಶುದ್ಧಪ್ರತಿ ಮಾಡಿದೆ.

ತುರ್ತು ಪರಿಸ್ಥಿತಿ ಬಂದ ಕೆಲವೇ ವಾರಗಳಲ್ಲಿ ಪೊಲೀಸರು ಅವರನ್ನು ವಿಶ್ವವಿದ್ಯಾಲಯದ ಹತ್ತಿರದ ಲಂಕಾ ಎಂಬ ಪೇಟೆಯ ಪುಸ್ತಕದಂಗಡಿಯಿಂದಲೇ ಕರೆದೊಯ್ದರು. ಸುದ್ದಿ ತಂದ ಅಪ್ಪ ಬಾಗಿಲು ಹಾಕಿದರು.

"ಗಲ್ಲಿಯ ತುದೀಲಿ ಮನೆಮನೆ ಹುಡುಕ್ತಿದ್ದಾರೆ. ಆ ಕಾಗದ ಎಲ್ಲಿವೆ?"

"ಅಪ್ಪಾ, ಬೇರೆ ಪ್ರತಿ ಇಲ್ಲ."

"ನಂಗೆ ನಾಲ್ಕು ಮಕ್ಕಳು ಕಣೇ."

ಅಮ್ಮ ಅಳುತ್ತಲೇ ಒಲೆ ಹೊತ್ತಿಸಿದಳು. ಮೇಷ್ಟ್ರ ಹಾಳೆಗಳನ್ನೂ ನನ್ನ ಪ್ರತಿಯನ್ನೂ ಪೆಟ್ಟಿಗೆಯಿಂದ ನಾನೇ ಎತ್ತಿಕೊಟ್ಟೆ. ಪೊಲೀಸರು ನಮ್ಮ ಮನೆಗೆ ಬರಲೇ ಇಲ್ಲ.

ಒಂದೂವರೆ ವರ್ಷದ ಮೇಲೆ ಬಿಡುಗಡೆಯಾಗಿ ಬಂದ ಮೇಷ್ಟ್ರು ಗೋಡೆ ಹಿಡಿದು ಮೆಟ್ಟಿಲು ಹತ್ತಿದರು. ನಾನು ಎಲ್ಲವನ್ನೂ ಹೇಳಿದೆ. "ಅಪ್ಪನಿಗೆ ಏನೂ ತೊಂದರೆ ಆಗಲಿಲ್ಲ ತಾನೆ?" ಎಂದರು.

ಮತ್ತೆ ಬರೆಯೋಣವೆಂದು ದಿನವೂ ಬೆಳಿಗ್ಗೆ ಕೂತೆವು. ಅವರು ಮೊದಲ ವಾಕ್ಯ ಹೇಳುತ್ತಿದ್ದರು: "ಮಗು ಮಾತು ಕಲಿಯುವುದನ್ನು ಕಣ್ಣಾರೆ ಕಂಡವನಿಗೆ ಯಾರನ್ನೂ ಶತ್ರು ಎಂದು ಕರೆಯಲು ನಾಲಿಗೆ ಏಳುವುದಿಲ್ಲ." ಅಲ್ಲಿಗೇ ನಿಂತು, "ಮುಂದೇನಿತ್ತು ಮಗು?" ಎಂದು ನನ್ನನ್ನೇ ಕೇಳುತ್ತಿದ್ದರು. ನನಗೂ ಹೊಳೆಯುತ್ತಿರಲಿಲ್ಲ. ಅಕ್ಷರ ದುಂಡಗೆ ಬರಲಿ ಎಂದಷ್ಟೇ ನೋಡಿಕೊಂಡು ಬರೆದಿದ್ದೆ.

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹತ್ತಿರದವರು ಯಾರೂ ಇಲ್ಲವೆಂದು ಅಪ್ಪನೇ ಕ್ರಿಯೆ ಮಾಡಿದರು. ಎಂದೂ ಮಂತ್ರ ತಪ್ಪದ ಅಪ್ಪ ಅಂದು ಎರಡು ಸಲ ತಡವರಿಸಿದರು.

ಆ ಒಂದು ವಾಕ್ಯದ ಹಾಳೆ ನನ್ನಲ್ಲಿದೆ. ಈಗಲೂ ಕೆಲವು ದಿನ ಬೆಳಿಗ್ಗೆ ಅದನ್ನು ಮುಂದಿಟ್ಟುಕೊಂಡು ಎರಡನೆಯದನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಬರುವುದಿಲ್ಲ.