ಸಿದ್ದಲಿಂಗವ್ವನ ಹೊಸ್ತಿಲು, ಈಶಪ್ಪನ ಬ್ಯಾಟು

ಗಜೇಂದ್ರಗಡದ ಪೇಟೆಯಲ್ಲಿದ್ದ ಅಣ್ಣತಮ್ಮಂದಿರ ಜವಳಿ ಅಂಗಡಿಗೆ ಬಂದ ಗಿರಾಕಿ "ಭಾಳ ತುಟ್ಟಿ ಆತಲ್ರೀ" ಎಂದರೆ ಹಿರಿಯಣ್ಣ ಗುರುಸಂಗಪ್ಪ ಗಂಟಲು ಒಣಗುವ ತನಕ ವಾದ ಮಾಡುತ್ತಿದ್ದ. ಕಿರಿಯವನಾದ ಈಶಪ್ಪ ಮಾತ್ರ ಅರಿವೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿ, "ಹೌದ್ರಿ, ಖರೇನ ತುಟ್ಟಿ ಐತಿ" ಎಂದುಬಿಡುತ್ತಿದ್ದ. ಇಂಥವನನ್ನು ದುಡ್ಡಿನ ಗಲ್ಲೆಯ ಹತ್ತಿರ ಕೂಡಿಸಿದರೆ ಮನೆ ಉದ್ಧಾರವಾದ ಹಾಗೆಯೇ ಎಂದು ಗುರುಸಂಗಪ್ಪ ಒಂದು ದಿನ ಅವನ ಗಂಟುಮೂಟೆ ಕಟ್ಟಿಸಿ ರಾಜೂರಿಗೆ, ಅಕ್ಕ ಸಿದ್ದಲಿಂಗವ್ವನ ಮನೆಗೆ ಸಾಗಹಾಕಿದ. ಗಂಡ ತೀರಿಕೊಂಡ ಮೇಲೆ ಹೊಲಮನೆಯನ್ನೆಲ್ಲ ಒಬ್ಬಳೇ ತೂಗಿಸಿಕೊಂಡು ಹೋಗುತ್ತಿದ್ದ ಅವಳಿಗೆ ಒಬ್ಬ ಗಂಡಸಿನ ಆಸರೆಯಾದೀತು ಎಂದು ಹೇಳಿದ್ದು ಬರೀ ನೆಪ. ಅಕ್ಕನಿಗೂ ಅದು ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ ಅದು.

ಚಕ್ಕಡಿಯಿಂದ ಇಳಿದ ಈಶಪ್ಪನ ಬಗಲಲ್ಲಿ ಎರಡು ಟೆನಿಸ್ ಬ್ಯಾಟುಗಳಿದ್ದವು. ಧಾರವಾಡದಲ್ಲಿ ಎರಡು ವರ್ಷ ಕಾಲೇಜಿಗೆ ಮಣ್ಣು ಹೊತ್ತು ಅವನು ಪದವಿಯ ಬದಲು ತಂದದ್ದು ಅವನ್ನೇ.

"ಇದೇನೋ ತಮ್ಮಾ, ಹಿಡಿಕಿ ಹಚ್ಚಿದ ಸಾಣಿಗಿ?" ಎಂದಳು ಅಕ್ಕ.

"ಸಾಣಿಗಿ ಅಲ್ಲಕ್ಕಾ, ಆಟದ ಬ್ಯಾಟ."

"ಮೀಸಿ ಬಂದ ಮ್ಯಾಲೂ ಆಟೇನೋ ನಿನಗ?"

ಬೈದಳು, ಬೈಯುತ್ತಲೇ ಎರಡನ್ನೂ ಇಸಿದುಕೊಂಡು ಸೆರಗಿನಿಂದ ಧೂಳು ಒರೆಸಿ, ಪಡಸಾಲೆಯಲ್ಲಿ ದೇವರ ಜಗಲಿಯ ಪಕ್ಕದ ಗೂಟಕ್ಕೆ ತಾನೇ ತೂಗುಹಾಕಿದಳು. ಸಿದ್ದಲಿಂಗವ್ವನ ಬಾಯಿ ಜೋರು. ಆದರೆ ಆ ಮನೆಯಿಂದ ಹಸಿದು ಹೋದವರು ಯಾರೂ ಇರಲಿಲ್ಲ.

ರಾಜೂರಿನಲ್ಲಿ ಈಶಪ್ಪನ ಜೊತೆ ಆಡುವವರು ಯಾರು? ಹಿತ್ತಲ ಗೋಡೆಗೆ ಚೆಂಡು ಬಡಿಯುತ್ತ ಒಬ್ಬನೇ ಆಡತೊಡಗಿದ. ಒಂದು ಸಂಜೆ ಚೆಂಡು ಗೋಡೆ ಹಾರಿ ಆಚೆ ಬಿತ್ತು. ಅಯ್ಯೋ ಅನ್ನುವಷ್ಟರಲ್ಲಿ ಅದು ತಾನೇ ತಿರುಗಿ ಬಂತು, ಜೊತೆಗೆ ಒಂದಿಷ್ಟು ಸೆಗಣಿಯ ಪುಡಿಯೂ ಬಂತು. ಇನ್ನೊಮ್ಮೆ ಬೇಕೆಂದೇ ಆಚೆ ಹೊಡೆದ. ಮತ್ತೆ ಚೆಂಡು, ಮತ್ತೆ ಪುಡಿ. ಗೋಡೆ ಹತ್ತಿ ನೋಡಿದರೆ, ಕೂಲಿ ಪರಶಪ್ಪನ ಮಗಳು ಕರಿಯವ್ವ ಕೈಯಲ್ಲಿ ಅರ್ಧ ಮುರಿದ ಕುಳ್ಳು ಹಿಡಿದು ಕಾಲು ಅಗಲಿಸಿ ನಿಂತಿದ್ದಳು. ಅವಳ ಹಿಂದೆ ದನ ಕಾಯುವ ಹುಡುಗರ ದಂಡೇ ಇತ್ತು.

"ಬೈಬ್ಯಾಡ್ರಿ ಸಣ್ಣ ಸಾವಕಾರ್ರ. ಕುಳ್ಳ ನಮ್ಮವ್ವ ತಟ್ಟಿದ್ದ ಐತ್ರಿ" ಎಂದಳು ಹುಡುಗಿ.

ಈಶಪ್ಪ ಬೈಯಲಿಲ್ಲ. ಗೋಡೆಯ ಮೇಲೆ ಕೂತೇ ನಗತೊಡಗಿದ. ಧಾರವಾಡದಲ್ಲಿ ಒಳ್ಳೊಳ್ಳೆಯ ಬ್ಯಾಟು ಹಿಡಿದವರೂ ಅಷ್ಟು ನೇರವಾಗಿ ಹೊಡೆದದ್ದನ್ನು ಅವನು ಕಂಡಿರಲಿಲ್ಲ.

"ನೀ ಸಾಲಿಗಿ ಹೋಗೂದಿಲ್ಲೇನ?"

"ಸಾಲಿಗಿ ಹೋದ್ರ ಕರಾ ಯಾರ ಕಾಯ್ತಾರ್ರಿ?"

ಅಲ್ಲಿದ್ದ ಎಲ್ಲ ಮಕ್ಕಳ ಉತ್ತರವೂ ಅದೇ. ಊರಲ್ಲಿ ಸಾಲಿ ಇತ್ತು, ಮಾಸ್ತರರೂ ಇದ್ದರು, ಕೂಲಿಯವರ ಓಣಿಯ ಮಕ್ಕಳು ಮಾತ್ರ ದನದ ಹಿಂದೆ ಇದ್ದರು. ಈಶಪ್ಪ ಆ ರಾತ್ರಿ ಯೋಚಿಸಿ ಒಂದು ಕಾಯಿದೆ ಮಾಡಿದ. ಹಗಲು ಸಾಲಿಯಲ್ಲಿ ಕೂತವರಿಗೆ ಸಂಜೆ ಬ್ಯಾಟು, ಕೂರದವರಿಗೆ ಇಲ್ಲ. ಹಾಗಾದರೆ ಕರು ಕಾಯುವವರು ಯಾರು ಎಂದು ಪರಶಪ್ಪ ಕೇಳಿದಾಗ, "ನಾ ಕಾಯ್ತೀನಿ" ಎಂದ. ಹೇಳಿದ್ದಷ್ಟೇ ಅಲ್ಲ, ಕಾಯ್ದ. ಜವಳಿ ಸಾವಕಾರರ ತಮ್ಮ ಬೇವಿನ ಗಿಡದ ಬುಡದಲ್ಲಿ ಪೇಪರು ಓದುತ್ತ ಊರ ಕರುಗಳನ್ನೆಲ್ಲ ಮೇಯಿಸುವುದನ್ನು ನೋಡಿ ಹೊಲಕ್ಕೆ ಹೋಗುವವರು ಚಕ್ಕಡಿ ನಿಲ್ಲಿಸಿ ನಕ್ಕರು. ಅವನೂ ಅವರ ಜೊತೆ ನಕ್ಕ. ಜೀವಮಾನದಲ್ಲಿ ಮೊದಲ ಸಲ ತನಗೆ ಒಪ್ಪುವ ಉದ್ಯೋಗ ಸಿಕ್ಕಿತೆಂದು ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಇನ್ನು ಜಾಗ ಬೇಕಲ್ಲ. ಸುತ್ತಲೂ ಎರೆ ಹೊಲ. ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಕಾಲು ಹಿಡಿಯುತ್ತದೆ, ಚೆಂಡು ಪುಟಿಯುವ ಮಾತೇ ಇಲ್ಲ. ಗಟ್ಟಿ ನೆಲವೆಂದರೆ ಮನೆಯ ಮುಂದಿನ ಕಣವೊಂದೇ. ಬಿಳಿಜೋಳದ ಸುಗ್ಗಿ ಮುಗಿದು ನಡುವಿನ ಮೇಟಿಕಂಬ ಕಿತ್ತ ಮೇಲೆ ಅದು ಮುಂದಿನ ಸುಗ್ಗಿಯ ತನಕ ಖಾಲಿ ಬಿದ್ದಿರುತ್ತಿತ್ತು. ಈಶಪ್ಪ ಅಳುಕುತ್ತಲೇ ಕೇಳಿದ.

"ರಾಶಿ ಮಾಡೋ ಜಾಗಾ ಅದು, ಲಕ್ಷ್ಮಿ ಕುಂಡ್ರೋ ಜಾಗಾ" ಎಂದಳು ಸಿದ್ದಲಿಂಗವ್ವ. "ಆಡ್ರಿ. ಆದ್ರ ಕಾಲಾಗ ಕೆರಾ ಹಾಕ್ಕೊಂಡ ಇಳಿದವ ಯಾವನೇ ಆಗ್ಲಿ, ನೀನ ಆಗ್ಲಿ, ಕಾಲ ಮುರೀತೀನಿ."

ಹೀಗೆ ರಾಜೂರಿನ ಟೆನಿಸ್ ಬರಿಗಾಲಿನಲ್ಲಿ ಶುರುವಾಯಿತು. ಮಕ್ಕಳೇ ಕಣ ಸಾರಿಸಿದರು, ಸುಣ್ಣದಲ್ಲಿ ಗೆರೆ ಹಾಕಿದರು. ರೋಣದಲ್ಲಿ ವಕೀಲಿ ಮಾಡುತ್ತಿದ್ದ ಹಳೆಯ ಗೆಳೆಯ ಶಿವನಪ್ಪ ಅಲ್ಲಿನ ಸಾಹೇಬರು ಆಡಿ ಬಿಟ್ಟ ಬೋಳು ಚೆಂಡುಗಳನ್ನು ಚೀಲದಲ್ಲಿ ಕಟ್ಟಿ ಕಳಿಸಿದ. ನಡುವೆ ಕಟ್ಟಲು ಹೊಳೆಮಣ್ಣೂರಿನಿಂದ ಮೀನು ಹಿಡಿಯುವ ಹಳೆಯ ಬಲೆ ಬಂತು. ಮೀನಿನ ಬಲೆ ಎಂದು ತಿಳಿದಾಗ ಸಿದ್ದಲಿಂಗವ್ವ ಮೂಗು ಮುಚ್ಚಿಕೊಂಡು, ಅದನ್ನು ಅಂಟವಾಳದ ನೀರಿನಲ್ಲಿ ಅದ್ದಿ ಅದ್ದಿ ಒಗೆಸಿ, ಆಮೇಲೆ ಕಟ್ಟಗೊಟ್ಟಳು. ಒಗೆದರೆ ಹೋಗುವ ಮೈಲಿಗೆಗೆ ಅವಳ ತಕರಾರಿರಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಕೂಲಿ ಓಣಿಯ ಮಕ್ಕಳು ಸಾಲಿಯಲ್ಲಿ ಗುಂಪಾಗಿ ಕೂರುತ್ತಿದ್ದರು. ಕರಿಯವ್ವ ಗಜೇಂದ್ರಗಡದ ಬಸ್ಸಿನ ಬೋರ್ಡು ಓದಿ ಓಣಿಯವರಿಗೆಲ್ಲ ಹೇಳುವಷ್ಟು ಮುಂದೆ ಹೋಗಿದ್ದಳು. ಈಶಪ್ಪನಿಗೆ ಅವಳ ಮೇಲೆಯೇ ಹೆಚ್ಚಿನ ಭರವಸೆ, ಅವಳ ಬಗ್ಗೆಯೇ ಹೆಚ್ಚಿನ ಭಯವೂ ಹೌದು. ಸೊಲ್ಲಾಪುರದ ಗಿರಣಿಯಲ್ಲಿದ್ದ ಅವಳ ಸೋದರಮಾವ, ಮನೆಯಲ್ಲಿ ಕೂಸು ಆಡಿಸಲು ಹುಡುಗಿಯನ್ನು ಕಳಿಸಿರೆಂದು ಹೇಳಿ ಕಳಿಸುತ್ತಲೇ ಇದ್ದ. ಪರಶಪ್ಪ ಮಾತ್ರ, "ಸಾಲಿಗಿ ಹೊಂಟಾಳ, ಬಿಡಿಸೂದು ಬ್ಯಾಡ. ಸಾಲಿ ಬಿಟ್ಟ ಕುಂತ್ಳಂದ್ರ ಕಳಸಿದ್ರಾತು" ಎಂದು ತಳ್ಳುತ್ತ ಬಂದಿದ್ದ. ಹುಡುಗಿಯ ಸಾಲಿ ನಿಂತದ್ದು ಬ್ಯಾಟಿನ ಮೇಲೆ, ಬ್ಯಾಟು ನಿಂತದ್ದು ಕಣದ ಮೇಲೆ, ಕಣ ಸಿದ್ದಲಿಂಗವ್ವನದು.

ಮಹಾನವಮಿಗೆ ನೇಗಿಲು, ಕೂರಿಗೆ, ಕುಡುಗೋಲುಗಳನ್ನು ಇಟ್ಟು ಪೂಜೆ ಮಾಡುವಾಗ ಸಿದ್ದಲಿಂಗವ್ವ ಎರಡು ಬ್ಯಾಟುಗಳನ್ನೂ ಇಳಿಸಿ ಸಾಲಿನಲ್ಲಿಟ್ಟಳು. ಅವಕ್ಕೂ ವಿಭೂತಿ ಹಚ್ಚಿ, ಚೆಂಡುಹೂ ಸಿಕ್ಕಿಸಿ, "ಇವೂ ಈಗ ಮನೀ ಮಂದಿ ಆದುವು" ಎಂದಳು. ಅದೇ ವಾರ ಬೆಕ್ಕು ಕೆಲಸ ಕೆಡಿಸಿತು.

ಮುಂಜಾನೆ ಎದ್ದು ನೋಡಿದರೆ ಬೆಕ್ಕು ಗೂಟಕ್ಕೆ ಜಿಗಿದು ಒಂದು ಬ್ಯಾಟನ್ನು ಕೆಡವಿ, ಅದರ ದಾರವನ್ನು ಕಣ್ಣುಮುಚ್ಚಿ ಜಗಿಯುತ್ತ ಕೂತಿತ್ತು. ಸಿದ್ದಲಿಂಗವ್ವ ಅದನ್ನು ಓಡಿಸಿ, ಹರಿದ ದಾರವನ್ನು ಬೆಳಕಿಗೆ ಹಿಡಿದಳು.

"ನೂಲ ತಿನ್ನೂ ಬೆಕ್ಕ ನಾ ಎಲ್ಲೂ ಕಂಡಿಲ್ಲ. ಯಾತರ ದಾರೋ ಇದು?"

ಇನ್ನೊಬ್ಬನಾಗಿದ್ದರೆ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದ. "ಹೌದ್ರಿ, ತುಟ್ಟಿ ಐತಿ" ಎನ್ನುತ್ತಿದ್ದ ಬಾಯಿಯಿಂದ ಸುಳ್ಳು ಹೇಗೆ ಬರಬೇಕು?

"ಕುರಿ ಕರಳಿಂದಕ್ಕಾ."

ಸಿದ್ದಲಿಂಗವ್ವನ ಕೈಯಿಂದ ಬ್ಯಾಟು ಕೆಳಗೆ ಬಿತ್ತು. ಜಗಲಿ ನೋಡಿದಳು, ಗೂಟ ನೋಡಿದಳು, ತನ್ನ ಬೆರಳು ನೋಡಿಕೊಂಡಳು. "ನಾ ವಿಭೂತಿ ಹಚ್ಚೀನಲ್ಲೋ! ಈ ಕೈಲೆ ಹಚ್ಚೀನಲ್ಲೋ!" ಎಂದು ಕೂಗಿದ್ದು ಓಣಿಯ ಕೊನೆಯ ತನಕ ಕೇಳಿತು. ಪಡಸಾಲೆ ತೊಳೆಸಿದಳು, ಜಗಲಿ ತೊಳೆಸಿದಳು, ತಮ್ಮನನ್ನು ತಣ್ಣೀರಲ್ಲಿ ಜಳಕ ಮಾಡಿಸಿದಳು. ಬ್ಯಾಟು ಮನೆಗೂ ಬರಬಾರದು, ಕಣಕ್ಕೂ ಬರಬಾರದು ಎಂದಾಯಿತು. ಬ್ಯಾಟುಗಳು ಪರಶಪ್ಪನ ಗುಡಿಸಲು ಸೇರಿದವು. ಅಲ್ಲಿ ಕುರಿಯ ಕರುಳಿಗೆ ಯಾರೂ ಹೆದರುವವರಿರಲಿಲ್ಲ.

ಆಟ ನಿಂತ ಮೇಲೆ ಕಾಯಿದೆಯೂ ಸಡಿಲಾಯಿತು. ಒಬ್ಬೊಬ್ಬರಾಗಿ ಮಕ್ಕಳು ದನದ ಹಿಂದೆ ಹೋದರು. ಈಶಪ್ಪ ಓಣಿ ಓಣಿ ತಿರುಗಿ ಅಂಗಲಾಚಿದ. ಹುಡುಗರು ತಲೆ ತಗ್ಗಿಸಿ ನಿಂತರು, ಮರುದಿನ ಮತ್ತೆ ಬರಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಪರಶಪ್ಪ ಬಂದು, "ಕರಿಯವ್ವನ ನಾಳೆ ಗದಗಿನ ಬಸ್ಸಿಗಿ ಕಳಸ್ತೀವ್ರಿ, ಸೊಲ್ಲಾಪುರಕ್ಕ" ಎಂದ. ಈಶಪ್ಪನಿಗೆ ಊಟ ಸೇರಲಿಲ್ಲ. ಅಕ್ಕನ ಮೇಲೆ ಸಿಟ್ಟು ಬಂತು, ಅಕ್ಕನ ಮೇಲೆ ಸಿಟ್ಟಾಗಲು ಬಾರದ ತನ್ನ ಮೇಲೆ ಇನ್ನೂ ಹೆಚ್ಚು ಬಂತು.

ಅದೇ ದಿನ ಸೂಡಿಯ ಕಡೆಯಿಂದ ಪಿಂಜಾರ ಮೆಹಬೂಬಸುಭಾನಿ ಬಂದ. ಪ್ರತಿವರ್ಷ ದೀಪಾವಳಿಯ ಮುಂಚೆ ಬಂದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಗಾದಿಗಳನ್ನು ಬಿಚ್ಚಿ ಹತ್ತಿ ಹಿಂಜಿ ಹೊಸದಾಗಿ ತುಂಬಿ ಕೊಡುವುದು ಅವನ ವಾಡಿಕೆ. ಹತ್ತಿ ಹಿಂಜುವ ಅವನ ದೊಡ್ಡ ಬಿಲ್ಲು ಡಿಂಯ್ ಡಿಂಯ್ ಎನ್ನುತ್ತಿದ್ದರೆ ಸಿದ್ದಲಿಂಗವ್ವ ಎದುರಿಗೇ ಕೂತು ಕೆಲಸ ತೆಗೆದುಕೊಳ್ಳುತ್ತಿದ್ದಳು. ಪರಶಪ್ಪನ ಹೆಂಡತಿ ಗುಡ್ಡವ್ವ ಹತ್ತಿಯ ಕಸ ಆರಿಸುತ್ತಿದ್ದಳು. ಊರು ಬಿಡುವ ಮುಂಚೆ ಸಣ್ಣ ಸಾವಕಾರರ ಕಾಲಿಗೆ ಬೀಳಲೆಂದು ಬಂದ ಕರಿಯವ್ವ ತಾಯಿಯ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಈಶಪ್ಪ ಮೂಲೆ ಹಿಡಿದಿದ್ದ.

ಫಟ್ಟೆಂದು ಬಿಲ್ಲಿನ ದಾರ ಹರಿಯಿತು. ಮೆಹಬೂಬಸುಭಾನಿ ಗೊಣಗುತ್ತ ಚೀಲದಿಂದ ಇನ್ನೊಂದನ್ನು ತೆಗೆದು ಬಿಗಿಯತೊಡಗಿದ. ಹರಿದ ತುಂಡು ಕರಿಯವ್ವನ ಮುಂದೆ ಬಿತ್ತು. ಅವಳು ಅದನ್ನು ಬೆರಳಲ್ಲಿ ಹೊಸೆದಳು, ಎಳೆದು ನೋಡಿದಳು.

"ಕಾಕಾ, ಇದು ಬ್ಯಾಟಿನ ದಾರ ಅಲ್ಲೇನ?"

"ಬ್ಯಾಟ ಗೀಟ ನನಗ ಗೊತ್ತಿಲ್ಲವಾ. ಇದು ಕುರಿ ಕರಳು. ನಮ್ಮಪ್ಪನೂ ಇದರಾಗ ಹಿಂಜ್ತಿದ್ದ, ನಮ್ಮಜ್ಜನೂ ಇದರಾಗ ಹಿಂಜ್ತಿದ್ದ. ಇದಕ್ಕ ಬರೋ ಪೆಟ್ಟು ಬ್ಯಾರೆ ಯಾವುದಕ್ಕೂ ಬರೂದಿಲ್ಲ" ಎಂದ ಮೆಹಬೂಬಸುಭಾನಿ, ಕೆಲಸದಿಂದ ತಲೆ ಎತ್ತದೆ.

ಕರಿಯವ್ವ ಹಿಂಜಿದ ಹತ್ತಿಯ ರಾಶಿ ನೋಡಿದಳು, ಮಡಚಿಟ್ಟ ಗಾದಿಗಳನ್ನು ನೋಡಿದಳು. ಆಮೇಲೆ ಚೇಷ್ಟೆಯ ಸುಳಿವೂ ಇಲ್ಲದ ಮುಖದಿಂದ ಕೇಳಿದಳು:

"ಅವ್ವಾರ, ಹಂಗಾರ ಗಾದಿನೂ ನಮ್ಮ ಗುಡಿಸಲಕ್ಕ ಒಯ್ಯಲೇನ್ರಿ?"

ಗುಡ್ಡವ್ವ ಮಗಳ ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನು ಗಾದಿಗಳೂ ಹೊರಗೆ, ಪಾಪದ ಪಿಂಜಾರನೂ ಹೊರಗೆ ಎಂದುಕೊಂಡ ಈಶಪ್ಪ. ಸಿದ್ದಲಿಂಗವ್ವ ಗಾದಿಗಳನ್ನೇ ನೋಡುತ್ತ ಕೂತಿದ್ದಳು. ಒಂದು ಅವಳ ಮದುವೆಯದು. ಗಂಡ ಕೊನೆಯುಸಿರು ಎಳೆದದ್ದು ಅದರ ಮೇಲೆಯೇ. ಇನ್ನೊಂದು ಚಿಕ್ಕದು. ಮಠದ ಅಜ್ಜಾರು ಮನೆಗೆ ದಯಮಾಡಿಸಿದಾಗ ಹಾಸಲೆಂದೇ ಮಡಿಯಲ್ಲಿ ತೆಗೆದಿಟ್ಟದ್ದು.

ಮೊದಲು ಅವಳ ಹೊಟ್ಟೆ ಅಲುಗಿತು, ಆಮೇಲೆ ಹೆಗಲು. ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಅಜ್ಜಾರ ಕುಂತ ಗಾದಿ ಗುಡಿಸಲಕ್ಕ ಕಳಸಿದ್ರ ಊರು ನನ್ನನ್ನ ಊರ ಹೊರಗ ಕಳಸ್ತೈತಿ ಹುಡುಗಿ!" ಎಂದು ಕಣ್ಣೊರೆಸಿಕೊಂಡಳು. "ಹೋಗು, ಬ್ಯಾಟ ತೊಗೊಂಡ ಬಾ. ಬೆಕ್ಕ ತಿಂದಿದ್ದು ಮೊದಲ ತಾ. ಮೆಹಬೂಬಸುಭಾನಿ, ಇದಕ್ಕಿಷ್ಟು ದಾರ ಬಿಗದ ಕೊಡಪಾ."

ಕರಿಯವ್ವ ಆಗಲೇ ಅರ್ಧ ಓಣಿ ದಾಟಿದ್ದಳು.

"ನಾಳೆ ಬಸ್ಸಿಗಿ ಹೋಗಾಕಿ ಅದಾಳ್ರೀ..." ಎಂದು ಗುಡ್ಡವ್ವ ರಾಗ ಎಳೆದಳು.

"ನಿನ್ನ ತಮ್ಮಗ ಹೇಳಿ ಕಳಸು, ಹುಡುಗಿಗಿ ಪುರಸತ್ತಿಲ್ಲಂತ" ಎಂದಳು ಸಿದ್ದಲಿಂಗವ್ವ. ಆಮೇಲೆ ತಮ್ಮನ ಕಡೆ ತಿರುಗಿ ಬೆರಳು ತೋರಿಸಿದಳು. "ಪಿಂಜಾರನ ಬಿಲ್ಲ ಕಟ್ಟಿ ತನಕ ಬರ್ತೈತಿ. ನಿನ್ನ ಬ್ಯಾಟೂ ಕಟ್ಟಿ ತನಕ. ಹೊಸ್ತಿಲ ದಾಟಿದ್ರ ನೋಡು ಮತ್ತ!"

ಈಶಪ್ಪ ಆಮೇಲೆ ಬಹಳ ವರ್ಷ ಆ ಕಣದಲ್ಲಿ ಮಕ್ಕಳನ್ನು ಆಡಿಸಿದ. ಅವನ ಕರುಗಳೂ ದೊಡ್ಡವಾದವು, ಮಕ್ಕಳೂ ದೊಡ್ಡವರಾದರು. ಯಾರಾದರೂ ಆ ಮಕ್ಕಳು ಎಲ್ಲೆಲ್ಲಿ ಗೆದ್ದರೆಂದು ಕೇಳಿದರೆ ಅವನು ಸೋಲುಗೆಲುವಿನ ಮಾತು ಬಿಟ್ಟು ಆ ದೀಪಾವಳಿಯ ಮುಂಚಿನ ಒಂದು ಮಳೆಯ ಕತೆ ಹೇಳುತ್ತಿದ್ದ.

ಗದಗಿನ ಬಸ್ಸು ಕರಿಯವ್ವನಿಲ್ಲದೆ ಹೋದ ದಿನದ ಸಂಜೆ. ಸಾಲಿ ಮುಗಿದದ್ದೇ ಹುಡುಗಿ ಬರೆಯುವ ಪಾಟಿ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಕಣದಲ್ಲಿ ಮತ್ತೆ ಗದ್ದಲ, ಮತ್ತೆ ಬೋಳು ಚೆಂಡು. ಪಿಂಜಾರನ ದಾರ ತುಸು ದಪ್ಪವಾದ್ದರಿಂದ ಹೊಡೆದಾಗಲೆಲ್ಲ ಬ್ಯಾಟು ಡಿಂಯ್ ಎನ್ನುತ್ತಿತ್ತು, ಹುಡುಗರು ಹೋ ಎನ್ನುತ್ತಿದ್ದರು. ಅಷ್ಟರಲ್ಲಿ ಹಿಂಗಾರಿ ಮಳೆ ರಪರಪನೆ ಹೊಡೆಯಿತು. ಬ್ಯಾಟುಗಳನ್ನು ಕಟ್ಟೆಯ ಮೇಲೆ ಎಸೆದು ಮಕ್ಕಳು ದಿಕ್ಕಿಗೊಬ್ಬರಂತೆ ಓಡಿದರು. ಬಲೆ ಬಿಚ್ಚುತ್ತಿದ್ದ ಈಶಪ್ಪ ಕಣದಿಂದಲೇ, "ಅಕ್ಕಾ, ಕರಳ ತೊಯ್ದ್ರ ಕೆಟ್ಟ ಹೋಗ್ತೈತಿ! ಮ್ಯಾಲೇನರ ಮುಚ್ಚು!" ಎಂದು ಕೂಗಿದ.

ಸಿದ್ದಲಿಂಗವ್ವ ಬಾಗಿಲಿಗೆ ಬಂದಳು. ಕಟ್ಟೆಯ ಮೇಲೆ ಮಳೆ ಬಡಿಯುತ್ತಿತ್ತು, ಮುಚ್ಚಲು ಏನೂ ಇರಲಿಲ್ಲ. ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ ಎರಡೂ ಬ್ಯಾಟುಗಳನ್ನು ಎತ್ತಿ, ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೊಸ್ತಿಲು ದಾಟಿ ಒಳಗೆ ಹೋದಳು.

ಮತ್ತೆ ಹೊರಗೆ ಇಣುಕಿದಾಗ ಸೂರಿನ ಕೆಳಗೆ ಕರಿಯವ್ವ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅರ್ಧ ಮೈ ನೆನೆಯುತ್ತಿತ್ತು, ಪಾಟಿಯನ್ನು ಹೊಟ್ಟೆಯೊಳಗೆ ಅಡಗಿಸಿಕೊಂಡಿದ್ದಳು. ಅವಳ ತಾಯಿ ಗುಡ್ಡವ್ವ ಮದುವೆಯಾಗಿ ಬಂದಂದಿನಿಂದ ಈ ಮನೆಯ ಕೂಲಿ ಮಾಡಿದವಳು. ಎಂಥ ಮಳೆ ಬಂದರೂ ಅವಳು ನಿಲ್ಲುತ್ತಿದ್ದದ್ದು ಅದೇ ಸೂರಿನ ಕೆಳಗೆ, ಅದೇ ಗೋಡೆಗೆ.

ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತು ಹುಡುಗಿಯನ್ನು ನೋಡಿದಳು. ಕೈಯಲ್ಲಿದ್ದ ಬ್ಯಾಟುಗಳನ್ನೂ ನೋಡಿದಳು.

"ಕುರಿ ಕರಳ ಒಳಗ ಬಂದೈತಿ. ನೀ ಯಾಕ ಹೊರಗ ನಿಂತಿ? ಬಾ ಒಳಗ, ಪಾಟಿ ತೊಯ್ತೈತಿ."

ಕರಿಯವ್ವ ನಂಬಲಾರದೆ ಕಣದ ಕಡೆ, ಈಶಪ್ಪನ ಕಡೆ ನೋಡಿದಳು. ಬಲೆಯನ್ನು ಹೆಗಲ ಮೇಲೆ ಹೊತ್ತು ಮಳೆಯಲ್ಲಿ ನಿಂತಿದ್ದ ಈಶಪ್ಪ ಹೋಗು ಎಂದು ತಲೆಯಾಡಿಸಿದ. ಹುಡುಗಿ ಕಾಲಿನ ಕೆಸರನ್ನು ಕಟ್ಟೆಯ ಕಲ್ಲಿಗೆ ಉಜ್ಜಿ ಉಜ್ಜಿ ತೆಗೆದಳು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಒಳಗೆ ಹೋದಳು.