ಮಲಕಪ್ಪನ ದನಿ, ಸುಣ್ಣದ ಚುಕ್ಕೆ

ದಾಂಡೇಲಿಯ ಸುಶೀಲವ್ವ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ತೂಗಿಸಿಯೇ ಒಳಗೆ ಬಿಡುತ್ತಿದ್ದಳು. ಗಿರಣಿಗೆ ಜೋಳ ಕೊಟ್ಟರೆ ಹಿಟ್ಟಾಗುವ ತನಕ ಅಲ್ಲೇ ನಿಲ್ಲುತ್ತಿದ್ದಳು. ತವರು ಮುಂಡಗೋಡದ ಹತ್ತಿರ ಪಾಳಾ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟಳು. ಮದುವೆಯಾಗಿ ದಾಂಡೇಲಿಗೆ ಬಂದು ಮೂವತ್ತೆರಡು ವರ್ಷ. ಗಂಡ ಮಲಕಪ್ಪನಿಗೆ ಕಾಗದದ ಮಿಲ್ಲಿನಲ್ಲಿ ಮಶಿನ್ನಿನ ಮುಂದೆ ನಿಂತು ನಿಂತು ಕಿವಿ ಮಂದವಾಗಿತ್ತು. ಹಾಗಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಊಟಕ್ಕೆ ಉಪ್ಪು ಕೇಳಿದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಅವನು ಸತ್ತು ಹನ್ನೊಂದು ತಿಂಗಳು. ಮನೆಯಲ್ಲಿ ಈಗ ಸದ್ದಿಲ್ಲ.

ದನಿ ಉಳಿದದ್ದು ಒಂದೇ ಕಡೆ, ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ. ಪ್ರತಿ ಸೋಮವಾರ ಮನೆಯಲ್ಲಿ ಭಜನೆ ಇರುತ್ತಿತ್ತು. ಮಲಕಪ್ಪ ಅದನ್ನೆಲ್ಲ ಲ್ಯಾಪ್‌ಟಾಪಿಗೆ ತುಂಬಿಸಿಡುತ್ತಿದ್ದ. ಅವನು ಹೋದ ಮೇಲೆ ಸುಶೀಲವ್ವ ಅದನ್ನು ಮುಚ್ಚಿ ದೇವರ ಜಗಲಿಯ ಮೇಲೆ ಇಟ್ಟಳು. ಮೇಲೆ ಅವನ ಫೋಟೊ ಇಟ್ಟಳು. ಸೋಮವಾರಕ್ಕೊಮ್ಮೆ ಹೂವು ಏರಿಸಿ, ವಿಭೂತಿ ಹಚ್ಚಿ ಕೈಮುಗಿದಳು. ತೆರೆಯುವ ಧೈರ್ಯ ಮಾತ್ರ ಬರಲಿಲ್ಲ.

ವರ್ಷ ತುಂಬುವ ದಿನ ಬೀಗರು ನೆಂಟರೆಲ್ಲ ಬರುತ್ತಾರೆ, ಅವರ ಮುಂದೆ ಆ ದನಿ ಹಚ್ಚಬೇಕು ಎಂದು ಮನಸ್ಸಿಗೆ ಬಂತು. ತೆರೆದಳು. ಕರಿ ಪರದೆಯ ಮೇಲೆ ಬಿಳಿ ಸಾಲುಗಳು ಓಡಿ ನಡುವೆಯೇ ನಿಂತುಬಿಟ್ಟವು.

ಅದರ ಮರ್ಮ ಗೊತ್ತಿದ್ದವನು ಅಡಿವೆಯ್ಯ. ಮಿಲ್ಲಿನಲ್ಲಿ ಮೀಟರು, ವೈರು ನೋಡುತ್ತಿದ್ದವನು, ನಿವೃತ್ತನಾದ ಮೇಲೆ ಕಂಪ್ಯೂಟರ್ ರಿಪೇರಿ ಹಿಡಿದಿದ್ದ. ಮಲಕಪ್ಪನ ಗೆಳೆಯ. ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದವನೂ ಅವನೇ. ಜಂಗಮ, ಆದ್ದರಿಂದ ಬಂದಾಗ ಕಾಲಿಗೆ ನೀರು ಕೊಟ್ಟು ನಮಸ್ಕಾರ ಮಾಡಬೇಕು. ಆದರೆ ಮಲಕಪ್ಪನ ಪೇಟಿಯನ್ನು ಗಾಳಿ ಸೋರುತ್ತದೆ ಎಂದು ರಿಪೇರಿಗೆ ಒಯ್ದವನು ಇನ್ನೂ ಮರಳಿ ತಂದಿರಲಿಲ್ಲ. ಕಾಲಿಗೆ ಬೀಳುವಾಗಲೂ ಸುಶೀಲವ್ವನ ಕಣ್ಣ ಮುಂದೆ ಪೇಟಿಯೇ ಇರುತ್ತಿತ್ತು.

ಅಡಿವೆಯ್ಯ ನೋಡಿ ಹೇಳಿದ, "ನಾ ಹಿಂದ ಹಾಕಿದ ಲಿನಕ್ಸ್ ಹಳೇದಾತು ತಂಗಿ. ಬ್ಯಾರೆ ಲಿನಕ್ಸ್ ಹಾಕಬೇಕು."

"ಲಿನಕ್ಸ್ ಅಂದ್ರ ಒಂದ ಅಲ್ಲೇನ್ರಿ ಅಯ್ಯಾರ?"

"ಭಾಳ ಅದಾವ. ಗುರು ಒಬ್ಬನ, ಮಠ ಬ್ಯಾರೆ ಬ್ಯಾರೆ. ಮಶಿನ್ ನಡಸೂ ಸಾಫ್ಟ್‌ವೇರ್ ಇದು, ಇದಿಲ್ಲದ ನಡಿಯೂದಿಲ್ಲ."

"ಮಠಾ ಬದಲಿ ಮಾಡೂಮುಂದ ಒಳಗಿನ ಸಾಮಾನು ಯಾರ ಕಾಯ್ತಾರ್ರಿ?"

"ಮೊದಲ ತಗದ ಇಡ್ತೇನಿ. ಒಂದ ಹಾಡೂ ಹೋಗೂದಿಲ್ಲ."

ಲ್ಯಾಪ್‌ಟಾಪ್ ಎರಡು ದಿನ ತನ್ನ ಮನೆಯಲ್ಲಿ ಇರಬೇಕು ಎಂದ. ಕೊಡುವ ಮೊದಲು ಸುಶೀಲವ್ವ ಒಳಗೆ ಹೋಗಿ, ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು, ಅದರ ಅಡಿಗೆ ಒಂದು ಚುಕ್ಕೆ ಇಟ್ಟಳು. ಬೇರೆಯದು ಕೊಟ್ಟರೆ ಗೊತ್ತಾಗಲಿ.

ಮೂರನೆಯ ದಿನ ಮರಳಿ ಬಂತು. ಚುಕ್ಕೆ ಇತ್ತು. ಆದರೆ ತೆರೆದು ನೋಡಿದರೆ ಎಲ್ಲ ಬೇರೆ. ಕನ್ನಡ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು. ವೈಫೈ ಇಲ್ಲ. ಗಡಿಯಾರವೂ ತಪ್ಪು.

"ಐದೂವರಿ ತಾಸು ಎಲ್ಲಿ ಹೋದುವ್ರಿ ಅಯ್ಯಾರ?"

"ಅದು ಲಂಡನ್ ಹೊತ್ತು ತೋರಸಾಕತ್ತೈತಿ."

"ನಮ್ಮನ್ಯಾಗ ಲಂಡನ್ನಿನವರು ಯಾರ ಅದಾರ್ರಿ?"

ಅಡಿವೆಯ್ಯ ನಕ್ಕ. ಸುಶೀಲವ್ವ ನಗಲಿಲ್ಲ. ಮಣೆ ಎಳೆದುಕೊಂಡು ಅವನ ಬಗಲಿಗೇ ಕುಳಿತಳು. ಅವನ ಬೆರಳು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದಳು. ಅವನು ಗಡಿಯಾರ ಸರಿ ಮಾಡಿದ. ತನ್ನ ಮೊಬೈಲನ್ನು ವೈರಿನಿಂದ ಜೋಡಿಸಿ, ಅದರ ಇಂಟರ್ನೆಟ್ಟಿನಿಂದ ಕನ್ನಡದ ಅಕ್ಷರ ಇಳಿಸಿಕೊಂಡ. ವೈಫೈಗೆ ಬೇಕಾದದ್ದನ್ನೂ ತರಿಸಿದ. ಚೌಕಗಳು ಹೋಗಿ ಅಕ್ಷರ ಬಂದವು. ಸೋಮವಾರದ ಭಜನೆಗಳೆಲ್ಲ ಸಾಲಾಗಿ ಇದ್ದವು.

"ಹಚ್ಚರಿ," ಎಂದಳು.

ಹಚ್ಚಿದ. ಪರದೆಯ ಮೇಲೆ ಗೆರೆ ಮುಂದೆ ಮುಂದೆ ಹೋಯಿತು. ದನಿ ಬರಲಿಲ್ಲ. ಎರಡನೆಯದು, ಮೂರನೆಯದು. ಇಲ್ಲ.

ಸುಶೀಲವ್ವ ಬಗ್ಗಿ ಲ್ಯಾಪ್‌ಟಾಪಿಗೆ ಕಿವಿ ಇಟ್ಟು ಕೇಳಿದಳು. ಆಮೇಲೆ ಸಿಟ್ಟು ಬಂತು. ಕಡೆಯ ಭಜನೆಯ ದಿನ ಮಲಕಪ್ಪ ಪೇಟಿಯ ಮಾತು ಎತ್ತಿದ್ದ. ಅದೂ ಇದರಲ್ಲಿ ಇರಲೇಬೇಕು. ಪೇಟಿ ಕೊಡಬಾರದೆಂದೇ ಅಯ್ಯ ದನಿ ಅಡಗಿಸಿದ್ದಾನೆ. ಜಂಗಮನಿಗೆ ಎದುರೆದುರೇ ಹಾಗೆ ಅನ್ನುವಂತಿಲ್ಲ.

"ಅಕ್ಷರ ಬಂದ್ವು, ಹೊತ್ತು ಬಂತು. ಮಾತಷ್ಟ ಬರವಲ್ದು. ಭಾಳ ಆರಿಸಿ ಆರಿಸಿ ಕೆಡತೈತಿ ನಿಮ್ಮ ಲಿನಕ್ಸ್," ಎಂದಳು.

"ನನ್ನ ಮ್ಯಾಲ ಸಂಶೆ ಐತೇನವಾ?"

"ನಾ ಎಲ್ಲಿ ಅಂದೆನ್ರಿ? ಈಗರ ಕಾಲಿಗೆ ಬಿದ್ದೇನಿ."

ಅಡಿವೆಯ್ಯನ ಮುಖ ಬಿಗಿಯಿತು. ಚೀಲದಿಂದ ಪೆನ್‌ಡ್ರೈವ್ ತೆಗೆದ. "ನೋಡು, ಇದರಾಗ ಹಳೇ ಲಿನಕ್ಸ್ ಐತಿ. ನಿನ್ನ ಮುಂದನ ಅದನ್ನ ಚಾಲೂ ಮಾಡ್ತೇನಿ. ಅದರಾಗ ದನಿ ಬಂದ್ರ ತಪ್ಪು ನಂದು."

ಅದರಲ್ಲೂ ಬರಲಿಲ್ಲ.

"ಹಳೇ ಮಠದಾಗೂ ಮೌನ. ಅಂದ್ರ ತಪ್ಪು ಲಿನಕ್ಸಿಂದಲ್ಲ, ಮಶಿನ್ನಿಂದು."

"ಬಿಚ್ಚಿದ್ರೇನ್ರಿ ಇದನ್ನ?"

"ಒಂದ ಸ್ಕ್ರೂ ಮುಟ್ಟಿಲ್ಲ!"

ಅಡಿವೆಯ್ಯ ಮತ್ತೆ ಪರದೆಗೆ ಬಗ್ಗಿದ. ಬಹಳ ಹೊತ್ತು ನೋಡಿ ಬೆರಳಿಟ್ಟು ತೋರಿಸಿದ. "ಇಲ್ಲಿ ನೋಡು. ಕಿವಿಗೆ ಹಾಕೂ ವೈರ್ ಚುಚ್ಚೈತಿ ಅಂತ ತಿಳಕೊಂಡೈತಿ. ಅದರೊಳಗನ ಮಾತಾಡಾಕತ್ತೈತಿ. ಹೊರಗ ಬಿಡವಲ್ದು."

"ವೈರ್ ಎಲ್ಲೈತ್ರಿ?"

"ಅದನ್ನ ನಾನೂ ಕೇಳಾಕತ್ತೇನಿ."

ಅವನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಸುಶೀಲವ್ವ ಲ್ಯಾಪ್‌ಟಾಪನ್ನು ಬಾಗಿಲ ಬೆಳಕಿಗೆ ಒಯ್ದಳು. ಬಗಲಿನ ಅಂಚಿನಲ್ಲಿ ವೈರು ಚುಚ್ಚುವ ಗುಂಡಾದ ತೂತು. ಅದು ತುಂಬಿಹೋಗಿತ್ತು. ಬೆಳ್ಳಗೆ, ಗಟ್ಟಿಯಾಗಿ.

ನೋಡಿದ ಕೂಡಲೇ ಗೊತ್ತಾಯಿತು. ಮೇಲೆ ಫೋಟೊ ಇತ್ತು. ಹಾಗಾಗಿ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಆ ಅಂಚಿಗೇ ಎಳೆಯುತ್ತಿದ್ದಳು. ನಲವತ್ತಕ್ಕೂ ಹೆಚ್ಚು ಸೋಮವಾರ.

"ಏನವಾ ಅದು ಬೆಳ್ಳಗ?"

"ವಿಭೂತಿ."

"ಯಾರ ಹಚ್ಚಿದ್ರು?"

"ನಾನ." ಸ್ವಲ್ಪ ತಡೆದು ಅಂದಳು, "ನೀವ ಕೊಟ್ಟದ್ದು."

ಅಡಿವೆಯ್ಯ ಎದ್ದು ಬಂದ. ಲ್ಯಾಪ್‌ಟಾಪ್ ಬಂದ್ ಮಾಡಿದ. ತೂತು ಕೆದಕಲು ಕೈ ಮುಂದೆ ಮಾಡಿದ. ಅವಳು ಕೊಡಲಿಲ್ಲ. ಊದಿನಕಡ್ಡಿಯ ತುದಿ ಮುರಿದು, ಕಣ ಕಣವಾಗಿ ತಾನೇ ಕೆದಕಿದಳು. ಉದುರಿದ್ದನ್ನು ಸೆರಗಿನಲ್ಲಿ ಹಿಡಿದುಕೊಂಡಳು.

ಮತ್ತೆ ಚಾಲೂ ಮಾಡಿ ಕಡೆಯ ಸೋಮವಾರದ್ದನ್ನು ಹಚ್ಚಿದರು. ಮೊದಲು ತಾಳ, ಆಮೇಲೆ ಸೋರುವ ಪೇಟಿಯ ಸಪ್ಪಳ. ಹಾಡು ಮುಗಿಯಿತು. ಆಗ ಮಲಕಪ್ಪ ಕೂಗಿದ, ಓಣಿಗೆಲ್ಲ ಕೇಳುವಂತೆ.

"ಅಡಿವೆಯ್ಯಾ, ಇದು ಪೇಟಿಯೋ ಉಬ್ಬಸದ ಮುದುಕನೋ! ಒಯ್ದು ಸರಿ ಮಾಡು. ಮರತ ಕುಂದರಬ್ಯಾಡ, ನಮ್ಮಪ್ಪಂದದು. ಏ ಸುಶೀಲಾ, ಅಯ್ಯಾಗ ಚಾದಾಗ ಸಕ್ರಿ ಕಮ್ಮಿ ಹಾಕ! ಸಕ್ರಿ ಬ್ಯಾನಿ ಐತಿ, ಯಾರ ಮುಂದೂ ಹೇಳವಲ್ಲ ಮಗಾ!"

ಸುಶೀಲವ್ವ ಸೆರಗು ಬಾಯಿಗೊತ್ತಿಕೊಂಡು ಕುಳಿತಳು. ಮುಖಕ್ಕೆಲ್ಲ ವಿಭೂತಿ ಮೆತ್ತಿತು. ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದಳು. ಮೂರು ಸಲ ಹಚ್ಚಿಸಿದಳು.

ಆಮೇಲೆ ಕಣ್ಣೊರೆಸಿಕೊಂಡು ಅಂದಳು, "ಪೇಟಿ ಎಲ್ಲೈತ್ರಿ ಅಯ್ಯಾರ?"

"ಮನ್ಯಾಗ ಐತಿ. ಸರಿ ಆಗಿ ಭಾಳ ದಿನ ಆತು." ಅಡಿವೆಯ್ಯ ನೆಲ ನೋಡುತ್ತಿದ್ದ. "ತಂದು ಕೊಟ್ರ ಭಜನಿ ಮುಗದ ಹೋತು ಅನಸ್ತಿತ್ತು. ಕಾಲು ಏಳಲಿಲ್ಲ."

"ಸೋಮವಾರ ತರ್ರಿ."

ಸೋಮವಾರ ಪೇಟಿ ಹೊತ್ತು ತಂದ. ಸುಶೀಲವ್ವ ಕಾಲಿಗೆ ನೀರು ಕೊಟ್ಟಳು, ನಮಸ್ಕಾರ ಮಾಡಿದಳು. ಆಮೇಲೆ ಅವನೆದುರೇ ಪೇಟಿಯನ್ನು ಬೋರಲು ಹಾಕಿ ಅಡಿ ನೋಡಿದಳು. ಒಯ್ಯುವ ದಿನ ಅದಕ್ಕೂ ಸುಣ್ಣದ ಚುಕ್ಕೆ ಇಟ್ಟಿದ್ದಳು. ಮಾಸಿತ್ತು, ಆದರೆ ಇತ್ತು.

ಪೇಟಿಯನ್ನು ನೆಟ್ಟಗೆ ಮಾಡಿ ಅವನ ಮುಂದೆ ಸರಿಸಿದಳು. ಒಳಗೆ ಹೋಗಿ ಚಹಾ ಇಟ್ಟಳು. ಅಯ್ಯನ ಕಪ್ಪಿಗೆ ಸಕ್ಕರೆ ಹಾಕಲಿಲ್ಲ.